ಎರೆಭೂತದ ವಿಳಾಸ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಊರಿನ ಹೆಸರನ್ನಂತೂ ಬರೆಯುವುದೇ ಇಲ್ಲ. ಒಮ್ಮೆ ಬರೆದಿದ್ದೇನೆ. ಕಾನ್ವೆಂಟಿನ ದುಂಡು ಅಕ್ಷರದಲ್ಲಿ, ತಾಲೂಕು, ಹಳ್ಳ, ದಿಕ್ಕು, ಮೈಲಿ ಎಲ್ಲವನ್ನೂ ಸೇರಿಸಿ, ಕೆಳಗೊಂದು ಪುಟ್ಟ ನಕಾಶೆಯನ್ನೂ ಬಿಡಿಸಿ ಬರೆದಿದ್ದೇನೆ. ಆ ಒಂದು ಸಲವೇ ಸಾಕಾಗಿದೆ.

ಮುಂಬಯಿಯ ವಡಾಲದಲ್ಲಿ ನಾವಿರುವ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಉದ್ದನೆಯದೊಂದು ಗ್ಯಾಲರಿ, ಅದರುದ್ದಕ್ಕೂ ಒಂಬತ್ತು ಮನೆ. ಮೆಟ್ಟಿಲಿಗೆ ಹತ್ತಿರದ್ದು ನಮ್ಮದು, ಆ ತುದಿಯ ಒಂಟಿ ಕೋಣೆ ಅವರದು, ಒಬ್ಬರೇ ಇದ್ದ ಹಿರಿಯರು. ಈ ಬೇಸಿಗೆಯಲ್ಲಿ ಅವರು ತೀರಿಕೊಂಡ ಮೇಲೆ ಅಲ್ಲಿಗೆ ಗುಜರಾತಿ ದರ್ಜಿಯೊಬ್ಬನ ಸಂಸಾರ ಬಂದಿದೆ. ಹೊಲಿಗೆ ಯಂತ್ರದ ಸದ್ದು ನಮ್ಮ ಬಾಗಿಲವರೆಗೂ ಕೇಳುತ್ತದೆ. ಅವರಿದ್ದಾಗ ಆ ಕೋಣೆಯಿಂದ ಹೊರಗೆ ಬರುತ್ತಿದ್ದದ್ದು ನುಸಿಗುಳಿಗೆಯ ವಾಸನೆಯೊಂದೇ.

ಕೋಟೆಯ ಕಡೆ, ಫೋರ್ಟಿನಲ್ಲಿ, ಸತ್ತ ಹಕ್ಕಿಗಳನ್ನು ಕಾಪಿಡುವ ಒಂದು ಸಂಸ್ಥೆಯಲ್ಲಿ ಅವರಿಗೆ ಕೆಲಸ. ಎಲ್ಲೆಲ್ಲಿಂದಲೋ ಬಂದ ಹಕ್ಕಿಯ ಚರ್ಮವನ್ನು ಪುಕ್ಕ ಕೆಡದಂತೆ ಬಿಡಿಸಿ, ಒಳಗೆ ಹತ್ತಿ ತುಂಬಿ, ಹೊಲಿದು, ಗಾಜಿನ ಕಣ್ಣಿಟ್ಟು, ಕೊನೆಗೆ ಕಾಲಿಗೊಂದು ಚೀಟಿ ಕಟ್ಟುವುದು. ಚೀಟಿಯಲ್ಲಿ ಹಕ್ಕಿಯ ಹೆಸರು, ಗಂಡೋ ಹೆಣ್ಣೋ, ಸಿಕ್ಕಿದ ದಿನ, ಸಿಕ್ಕಿದ ಊರು. ಹುಳ ಹತ್ತಬಾರದೆಂದು ಚರ್ಮದ ಒಳಮೈಗೆ ಪಾಷಾಣ ಬೆರೆಸಿದ ಸಾಬೂನು ಸವರುತ್ತಾರೆ. ಮೂವತ್ತು ವರ್ಷ ಆ ಸಾಬೂನನ್ನು ಸವರಿ ಸವರಿ ಅವರ ಅಂಗೈ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು.

ಊಟವನ್ನು ಅವರು ಚಮಚದಲ್ಲೇ ಮಾಡುತ್ತಿದ್ದರು. ರೊಟ್ಟಿಯನ್ನೂ ಚಮಚದಲ್ಲಿ ಮುರಿದು ತಿನ್ನುವುದನ್ನು ನಾನು ನೋಡಿದ್ದೇನೆ. ಬಿಲ್ಡಿಂಗಿನ ಮಕ್ಕಳು ಅವರಿಗೆ ಚಮಚಾ ಮಾಮಾ ಎಂದು ಹೆಸರಿಟ್ಟಿದ್ದರು. ದೊಡ್ಡವರು, ಸಾಹೇಬರ ಜೊತೆ ಇದ್ದು ಸಾಹೇಬನಾದ ಎಂದು ಆಡಿಕೊಂಡರು. ನನ್ನ ಮಗಳು ಆರು ತಿಂಗಳಿನವಳಿದ್ದಾಗ ಒಮ್ಮೆ ಗ್ಯಾಲರಿಯಲ್ಲಿ ಅವರ ಕಡೆಗೆ ಎರಡೂ ಕೈ ಚಾಚಿದಳು. ಎಂಥವರೂ ಎತ್ತಿಕೊಳ್ಳುವ ಹಾಗಿತ್ತು. ಅವರು ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ತಪ್ಪು ತಿಳೀಬ್ಯಾಡ್ರಿ ಅಕ್ಕಾರ, ಕೈಯಾಗ ವಿಷ ಐತ್ರಿ," ಎಂದರು.

ನನಗಿಂತ ಇಪ್ಪತ್ತೈದು ವರ್ಷಕ್ಕೆ ದೊಡ್ಡವರು, ಆದರೂ ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಅವರ ಕಡೆಯ ಮರ್ಯಾದೆ ಅದು. ಆ ದಿನದಿಂದ ನಾನು ಅವರ ಕೈಗಳನ್ನು ಗಮನಿಸತೊಡಗಿದೆ. ಕೈ ಯಾವಾಗಲೂ ಬೆನ್ನ ಹಿಂದೆ. ಎಲ್ಲೂ ಊರುವುದಿಲ್ಲ, ಯಾವುದನ್ನೂ ತಟ್ಟುವುದಿಲ್ಲ. ಕತ್ತು ಮಾತ್ರ ನೀಳವಾಗಿ ಮೇಲೆತ್ತಿರುತ್ತಿತ್ತು, ದೂರದ ಯಾರನ್ನೋ ಕಾಯುವವರಂತೆ.

ಭೂತದ ವಿಷಯ ಬಂದದ್ದು ಒಂದು ಸಂಜೆ. ವಡಾಲದಿಂದ ಬಂದರು ದೂರವಲ್ಲ. ಹಡಗುಗಳ ಕೂಗು ಆಗಾಗ ಕೇಳುತ್ತದೆ. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ, ಅತ್ತೆ ಹೊಸ್ತಿಲಲ್ಲಿ ಕೂತು ಬಸಳೆ ಸೋಸುತ್ತಿದ್ದರು. ಹಡಗು ಕೂಗಿತು, ಗುಂಡಿಗೆಯ ಒಳಗಿನಿಂದ ಬಂದ ಹಾಗೆ, ದಪ್ಪಗೆ. ಕೆಲಸದಿಂದ ಬರುತ್ತಿದ್ದ ಅವರು ಅಲ್ಲೇ ನಿಂತರು.

"ನಮ್ಮೂರ ಎರೆಭೂತ ಹಿಂಗ ಕೂಗತೈತ್ರಿ."

ಅತ್ತೆಯ ಕೈಯ ಬಸಳೆ ಬುಟ್ಟಿಗೆ ಬಿತ್ತು. ಉಡುಪಿಯ ಕಡೆಯವರಿಗೆ ಭೂತ ಎಂದರೆ ಸುಮ್ಮನೆ ಆಡುವ ಮಾತಲ್ಲ. ಅದಕ್ಕೆ ಸ್ಥಾನ ಉಂಟು, ರಾತ್ರಿಯಿಡೀ ಕುಣಿಯುವ ಕೋಲ ಉಂಟು, ಕೊಡಬೇಕಾದ್ದು ಉಂಟು.

"ನಿಮ್ಮ ಊರಲ್ಲೂ ಭೂತ ಉಂಟಾ ಮಾರಾಯ್ರೇ?" ಎಂದರು ಅತ್ತೆ. "ಅದಕ್ಕೆ ವರ್ಷಕ್ಕೊಮ್ಮೆ ಎಂತಾದ್ರೂ ಕೊಡ್ಲಿಕ್ಕುಂಟಾ?"

"ಏನೂ ಕೇಳಂಗಿಲ್ರಿ ಅದು, ಅಮ್ಮಾರ. ಮಿಡಚಿ ತಿಂತೈತಿ. ಹುಳಾ ಹುಪ್ಪಡಿ ತಿಂತೈತಿ."

"ಹುಳ ತಿನ್ನುವ ಭೂತವಾ?" ಅತ್ತೆಗೆ ಅವರ ಊರಿನ ಬಗ್ಗೆಯೇ ಕನಿಕರ ಬಂತು. "ನಮ್ಮದು ಕೋಳಿ ಕೇಳ್ತದೆ. ನೀವು ಕೊಡಬೇಕಾದ್ದು ಕೊಡದೆ ಅದು ಹುಳ ತಿನ್ನುವ ಹಾಗೆ ಆದದ್ದು. ನಿಮಗೆ ಇಲ್ಲಿ ಒಬ್ಬಂಟಿ ಬಾಳು ಬಂದದ್ದೂ ಅದಕ್ಕೇ."

ಅವರು ನಕ್ಕರು. ಒಬ್ಬಂಟಿ ಬಾಳಿನ ಮಾತು ತಾಗಿ ನಗು ನಿಂತಿತು. ಅದು ಹಕ್ಕಿ ಎಂದು ಬಿಡಿಸಿ ಹೇಳಿದ್ದು ಆಮೇಲೆ. ಎರೆ ಎಂದರೆ ಅವರ ನಾಡಿನ ಕಪ್ಪು ಮಣ್ಣು. ಮೈಲಿಗಟ್ಟಲೆ ಮರವಿಲ್ಲದ ಆ ಬಯಲಿನಲ್ಲಿ, ಬಿಸಿಲು ಕುಣಿಯುವ ಹೊತ್ತಿನಲ್ಲಿ, ಉದ್ದ ಬಿಳಿ ಕತ್ತೊಂದು ನೆಲದಿಂದ ಎದ್ದು ನಿಲ್ಲುತ್ತದಂತೆ. ಕಾಲು ಹುಲ್ಲಿನಲ್ಲಿ ಮರೆಯಾಗಿ, ಮೈ ಮಣ್ಣಿನ ಬಣ್ಣಕ್ಕೆ ಸೇರಿ, ಕತ್ತು ಮಾತ್ರ ನಡೆದುಹೋದ ಹಾಗೆ ಕಾಣುತ್ತದಂತೆ. ಅದಕ್ಕೇ ಭೂತ. ನಮ್ಮ ಸೊಂಟದವರೆಗೆ ಬರುವ ಹಕ್ಕಿ. ತಲೆಗೆ ಕಪ್ಪು ಟೊಪ್ಪಿಗೆ. ವರ್ಷಕ್ಕೆ ಒಂದೇ ಮೊಟ್ಟೆ, ಅದನ್ನೂ ಗೂಡಿಲ್ಲದೆ ಬರೀ ನೆಲದ ಮೇಲೆ ಇಡುತ್ತದೆ. ಒಂದು ಎಮ್ಮೆ ಕಾಲಿಟ್ಟರೆ ಆ ವರ್ಷ ಮುಗಿಯಿತು.

ನನ್ನ ಕಿವಿಗೆ ಆ ಹೆಸರು ಬೇರೆಯೇ ಆಗಿ ಕೇಳಿತ್ತು. ನಮ್ಮ ಕಡೆ ಎರೆ ಎಂದರೆ ಮೀನಿನ ಗಾಳಕ್ಕೆ ಸಿಕ್ಕಿಸುವಂಥದ್ದು. ಅದನ್ನು ಹೇಳಿದಾಗ ಅವರು, "ಒಂದ ಮಾತಿಗೆ ಎಷ್ಟು ಬಾಗಲಾ ನೋಡ್ರಿ," ಎಂದರು.

ಅವರಿಗೆ ಊರಿನಿಂದ ತಿಂಗಳಿಗೊಂದು ಕಾರ್ಡು ಬರುತ್ತಿತ್ತು, ಅಲ್ಲಿರುವ ತಮ್ಮ ಬರೆದದ್ದು. ಅಂಚೆಯವನು ಮೂರನೆಯ ಮಾಳಿಗೆಯ ಕಾಗದಗಳನ್ನೆಲ್ಲ ಮೆಟ್ಟಿಲ ಬಳಿಯ ನಮ್ಮ ಮನೆಯಲ್ಲೇ ಕೊಟ್ಟು ಹೋಗುತ್ತಿದ್ದ. ಕನ್ನಡದ ಕಾರ್ಡು ಕಂಡರೆ ಅತ್ತೆ ಓದದೆ ಬಿಡುವವರಲ್ಲ. ಕಾರ್ಡಿನಲ್ಲಿ ಯಾವಾಗಲೂ ಒಂದೇ ಒಕ್ಕಣೆ: "ಮಳಿ ಬೆಳಿ ಹಿಂಗಿಂಗ. ಮನಿಯಾಗ ಹನ್ನೊಂದು ಮಂದಿ ಆರಾಮ ಅದಾರ." ಅತ್ತೆಗೆ ಆ ಸಂಸಾರದ ಮೇಲೆ ಗೌರವ. "ಇಷ್ಟು ಮಂದಿ ಮನೆಯಲ್ಲಿ ಇದ್ದೂ ಒಬ್ಬರೂ ಇವರನ್ನು ಬಂದು ನೋಡುದಿಲ್ಲವಲ್ಲ," ಎಂದು ಹೇಳುತ್ತಲೇ ಇದ್ದರು. ಒಂದು ಸಲ ಹತ್ತು ಮಂದಿ ಎಂದು ಬಂದಾಗ, ಯಾರು ಹೋದದ್ದು ಎಂದು ಅವರನ್ನೇ ಕೇಳಿಬಿಟ್ಟರು. ಅವರು ತಡವರಿಸಿ, "ಒಬ್ಬಾಕಿ ಮುದುಕಿ," ಎಂದರು. ಮರುದಿನ ನಾನೊಬ್ಬಳೇ ಇದ್ದಾಗ ಬಂದು ಹೇಳಿದರು: ಮನೆಯಲ್ಲಿರುವುದು ತಮ್ಮ, ಅವನ ಹೆಂಡತಿ, ಒಂದು ಮಗು, ಮೂರೇ ಜನ. ಕಾರ್ಡಿನಲ್ಲಿ ಬರುವುದು ಹಕ್ಕಿಯ ಲೆಕ್ಕ. ತೆರೆದ ಕಾರ್ಡು, ಹತ್ತು ಕೈ ದಾಟಿ ಬರುತ್ತದೆ, ಹಕ್ಕಿಯ ಹೆಸರು ಬರೆದರೆ ಓದಿದವರೆಲ್ಲರಿಗೂ ಗೊತ್ತಾಗುತ್ತದೆ.

"ನಿಮಗೊಬ್ಬರಿಗೇ ಹೇಳೀನ್ರಿ," ಎಂದರು.

ನನಗೊಬ್ಬಳಿಗೇ ಯಾಕೆ ಎಂದು ನಾನು ಕೇಳಲಿಲ್ಲ. ನಾನು ಯಾರಿಗೂ ಹೇಳಲಾರೆ ಎಂಬುದು ಅವರಿಗೆ ಕಂಡಿರಬೇಕು. ನಾನು ಯಾರ ಬಳಿ ಮಾತಾಡುವವಳು? ಮದುವೆಯಾಗಿ ಬಂದ ಮೇಲೆ ಅತ್ತೆಯೋ ಯಜಮಾನರೋ ಜೊತೆಗಿಲ್ಲದೆ ನಾನು ಮೆಟ್ಟಿಲಿಳಿದವಳಲ್ಲ. ಹಾಗೆ ಮಾಡಬಾರದೆಂದು ಯಾರೂ ಗದರಿಸಿ ಹೇಳಲಿಲ್ಲ. ನಮ್ಮ ಮನೆಯಲ್ಲಿ ಗದರುವ ಕ್ರಮವೇ ಇಲ್ಲ. "ಎಂತಕ್ಕೆ?" ಎಂದು ಮೆಲ್ಲಗೆ ಕೇಳುತ್ತಾರೆ, ಆ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಒಮ್ಮೆ ಅವರು, "ನೀವು ಸಮುದ್ರದ ದಂಡಿಯವರಲ್ರಿ, ಸಮುದ್ರ ನೋಡಿ ಎಷ್ಟು ದಿನ ಆತು?" ಎಂದು ಕೇಳಿದರು. ಸಮುದ್ರದ ನಡುವೆ ಇರುವ ಈ ಊರಿನಲ್ಲಿ ಕೂತು ಲೆಕ್ಕ ಹಾಕಿದೆ. ಎರಡು ವರ್ಷವಾಗಿತ್ತು. ಅವರು ಭಾನುವಾರ ಬೆಳಿಗ್ಗೆ ಉಪ್ಪಿನ ಗದ್ದೆಗಳ ಕಡೆ ನಡೆದು ಹೋಗಿ ಜೀವಂತ ಹಕ್ಕಿಗಳನ್ನು ನೋಡಿ ಬರುತ್ತಿದ್ದರು. ಬಂದವರು ನಮ್ಮ ಬಾಗಿಲಲ್ಲಿ ನಿಂತು, "ನೀರು ಹಿಂದ ಸರದಿತ್ರಿ, ಕೆಸರಿನ್ಯಾಗ ಬೆಳ್ಳಾನ ಬೆಳಕಿತ್ತು," ಎಂದಷ್ಟು ಹೇಳಿ ಹೋಗುತ್ತಿದ್ದರು. ನನಗಾಗಿಯೇ ಹೇಳುತ್ತಿದ್ದರೆಂದು ಈಗ ಅನ್ನಿಸುತ್ತದೆ.

ಊರಿಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ ಮಾತ್ರ ಕೈ ತೊಳೆಯಲು ನಳದ ಕಡೆ ಹೊರಟುಬಿಡುತ್ತಿದ್ದರು.

ಒಂದು ಮಳೆಗಾಲ ಕಳೆದು ಕಾರ್ಡು ಬಂತು: "ಮನಿ ಮುಂದ ಜೀಪು ಬರಾಕ ಹತ್ಯಾವು." ಬೇಟೆಯವರ ಜೀಪು ಎಂದು ಅವರ ಮುಖ ಇಳಿಯಿತು. ಆ ಹಕ್ಕಿಯ ಒಂದು ಗುಣ ಹೇಳಿದರು. ಅದಕ್ಕೆ ನಡೆದು ಬರುವ ಮನುಷ್ಯನ ಹೆದರಿಕೆ ಉಂಟು, ಅರ್ಧ ಮೈಲಿಯಿಂದಲೇ ಸರಿದುಬಿಡುತ್ತದೆ. ಗಾಲಿಯ ಮೇಲೆ ಬರುವವನ ಹೆದರಿಕೆ ಇಲ್ಲ. ಎತ್ತಿನ ಬಂಡಿ ನೋಡಿ ನೋಡಿ ಅದಕ್ಕೆ ಗಾಲಿ ಎಂದರೆ ರೈತ. ಜೀಪಿಗೂ ಗಾಲಿ ಉಂಟಲ್ಲ.

"ಸರಕಾರಕ್ಕ ಒಂದು ಅರ್ಜಿ ಬರಸೂಣಂತ್ರಿ. ನಮ್ಮ ಆಫೀಸಿನ್ಯಾಗ ಕೇಳಿದ್ರ, ನಿನಗ್ಯಾಕ ಬೇಕೋ ಇದು, ಹತ್ತಿ ತುಂಬು ಅಂತಾರ. ನಿಮ್ಮ ಇಂಗ್ಲಿಷ್ ಚಲೋ ಐತಿ."

ನನ್ನ ಇಂಗ್ಲಿಷು ಚೆನ್ನಾಗಿದೆ ಎಂದು ಈ ಮನೆಗೆ ಬಂದ ಮೇಲೆ ಯಾರೂ ಹೇಳಿರಲಿಲ್ಲ. ಬಾಗಿಲು ತೆರೆದಿಟ್ಟು, ಗ್ಯಾಲರಿಯಲ್ಲಿ ಮಣೆ ಹಾಕಿ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದೆ. "ಭೂತಕ್ಕೆ ಅರ್ಜಿಯಾ?" ಎಂದರು ಅತ್ತೆ. "ಭೂತದ ಪರವಾಗಿ," ಎಂದೆ. ಆ ಮೊದಲ ಕಾಗದದಲ್ಲಿ ಊರಿನ ಹೆಸರಿರಲಿಲ್ಲ. ಉತ್ತರದ ಕಪ್ಪುಮಣ್ಣಿನ ಸೀಮೆಯಲ್ಲಿ, ಎಂದಷ್ಟೇ. ಆಗಿನ್ನೂ ಆ ಸೀಮೆ ಮುಂಬಯಿ ರಾಜ್ಯದಲ್ಲೇ ಇತ್ತು.

ಆರು ವಾರದ ಮೇಲೆ ಉತ್ತರ ಬಂತು. ಸ್ಥಳ ನಿಖರವಾಗಿ ತಿಳಿಸದ ದೂರಿನ ಮೇಲೆ ಕ್ರಮ ಕೈಗೊಳ್ಳಲಾಗುವುದಿಲ್ಲ. ಊರು, ಹಕ್ಕಿಗಳ ಸಂಖ್ಯೆ, ಕಾಣಸಿಗುವ ಹೊತ್ತು ತಿಳಿಸತಕ್ಕದ್ದು. ಓದಿ ಹೇಳಿದೆ.

"ಹೇಳಾಕ ಬರಂಗಿಲ್ರಿ," ಎಂದರು.

"ಹೇಳದಿದ್ದರೆ ಅವರು ಕಾವಲು ಹಾಕುವುದೆಲ್ಲಿ?"

"ಹೇಳಿದ್ರ ಮಂದಿ ಬರೂದೂ ಅಲ್ಲಿಗೇ ಅಲ್ರಿ?"

ನಾನು ಬಿಡಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು, ಬಿಡಲಿಲ್ಲ. ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಹೇಳುತ್ತಿದ್ದ ಮಾತೊಂದಿತ್ತು, ವಿಳಾಸವಿಲ್ಲದ ಕಾಗದ ಬಾಗಿಲಿಲ್ಲದ ಮನೆ ಎಂದು. ಅದನ್ನು ಅವರಿಗೆ ಹೇಳಿದೆ.

"ಬಾಗಲಾ ಇದ್ರ ಕಳ್ಳರೂ ಬರ್ತಾರಲ್ರಿ, ಅಕ್ಕಾರ."

"ಬಾಗಿಲೇ ಇಲ್ಲದಿದ್ದರೆ ಒಳಗಿನವರು ಉಸಿರು ಕಟ್ಟಿ ಸಾಯುತ್ತಾರೆ," ಎಂದೆ. ಎಷ್ಟೋ ದಿನದಿಂದ ನನ್ನೊಳಗೇ ಇದ್ದ ಮಾತು, ಹಕ್ಕಿಯ ನೆವದಲ್ಲಿ ಹೊರಗೆ ಬಂತು. ಅವರು ನನ್ನ ಮುಖ ನೋಡಿದರು. ಸಂಜೆ ಯಜಮಾನರನ್ನು ಕೇಳಿದೆ. ವಿಮಾ ಕಂಪನಿಯಲ್ಲಿ ಕೆಲಸ ಮಾಡುವವರು, "ವಿವರ ಕೊಡದೆ ಯಾವ ಕಚೇರಿ ಅಲ್ಲಾಡ್ತದೆ?" ಎಂದರು.

ಹತ್ತು ದಿನ ಅವರು ನಮ್ಮ ಬಾಗಿಲ ಮುಂದೆ ನಿಲ್ಲದೆ ಹೋದರು. ಹನ್ನೊಂದನೆಯ ದಿನ ಕಾರ್ಡು ಬಂತು, ಮನೆಯಲ್ಲಿ ಒಂಬತ್ತು ಮಂದಿ. ಸಂಜೆ ಬಂದು, ಕಾರ್ಡು ನೋಡಿ, "ಬರೀರಿ," ಎಂದರು.

ಬರೆದೆ. ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದರು. ಊರಿನಿಂದ ಯಾವ ದಾರಿ, ಹಳ್ಳ ಎಲ್ಲಿ ಹೊರಳುತ್ತದೆ, ಅದರ ಎಡದಂಡೆಗೆ ಒಂದೇ ಒಂದು ಬನ್ನಿಮರ, ಅದರಿಂದ ಈಶಾನ್ಯಕ್ಕೆ ಎರಡು ಮೈಲಿ, ಬೆಳಗಿನ ಬಿಸಿಲು ಮಂಡಿಯೆತ್ತರ ಬಂದಾಗ. ಮೂವತ್ತು ವರ್ಷ ಹೋಗದ ಊರು. ಗ್ಯಾಲರಿಯಲ್ಲಿ ಕೂತಲ್ಲೇ ಅವರು ಅದರಲ್ಲಿ ನಡೆಯುತ್ತಿದ್ದರು, ನಾನು ಹಿಂದೆ ಹಿಂದೆ. ನನಗೂ ಹೊರಗೆ ಹೋಗಿ ಬಂದ ಹಾಗಾಯಿತು. ಒಂದೇ ಒಂದು ಮರ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಸಾದಾ ಪದಗಳಿದ್ದವು. ನಾನು ಸಿಸ್ಟರ್ ಮೆಚ್ಚುತ್ತಿದ್ದ ಪದ ಹುಡುಕಿ, ಸಾಲಿಟರಿ ಎಂದು ಬರೆದೆ. ಬರೆದು ಅದರ ಚಂದ ನೋಡಿದೆ. ಕೆಳಗೆ ನಕಾಶೆ ಬಿಡಿಸಿದೆ, ಮರಕ್ಕೆ ನಾಲ್ಕು ಎಲೆಯನ್ನೂ ಇಟ್ಟೆ.

ಉತ್ತರ ಬರಲಿಲ್ಲ. ಚಳಿಗಾಲ ಹೋಯಿತು.

ಆಮೇಲೊಂದು ಮಧ್ಯಾಹ್ನ, ಮೂರು ಗಂಟೆಗೇ ಅವರು ಕೆಲಸದಿಂದ ಬಂದರು. ಬಂದ ಕೂಡಲೇ ನಳದ ಬಳಿ ನಿಂತು ಮೊಣಕೈವರೆಗೂ ತೊಳೆದುಕೊಳ್ಳುವುದು ಅವರ ಕ್ರಮ. ಅಂದು ತೊಳೆಯಲಿಲ್ಲ. ನಮ್ಮ ಬಾಗಿಲೆದುರು, ಗ್ಯಾಲರಿಯ ನೆಲದ ಮೇಲೆ ಕೂತುಬಿಟ್ಟರು. ಉಗುರಿನ ಸಂದಿಯಲ್ಲಿ ಸಣ್ಣದೊಂದು ಪುಕ್ಕ ಸಿಕ್ಕಿಕೊಂಡಿತ್ತು, ಕಂದು ಬಣ್ಣದ್ದು, ಅದರ ಮೇಲೆ ಬೆಕ್ಕಿನ ಮೀಸೆಯಷ್ಟು ತೆಳುವಾದ ಕಪ್ಪು ಗೆರೆ.

"ನಮ್ಮೂರಿಂದ ಒಬ್ಬರು ಬಂದಾರ್ರಿ."

"ತಮ್ಮನವರಾ?" ಎಂದೆ.

"ಅಲ್ರಿ. ಮೇಜಿನ ಮ್ಯಾಲ ಮಲಗ್ಯಾರ."

ಯಾರೋ ದೊಡ್ಡವರ ಅತಿಥಿಗಳು ಎರಡು ಜೀಪಿನಲ್ಲಿ ಬೇಟೆಗೆ ಹೋಗಿದ್ದರಂತೆ. ನಾಲ್ಕು ಹೊಡೆದರು, ಒಂದನ್ನು ಸಂಸ್ಥೆಗೆ ಉಡುಗೊರೆಯಾಗಿ ಕಳಿಸಿದ್ದಾರೆ. ಹಕ್ಕಿ ಸಿಕ್ಕಿದ ಜಾಗ ತಿಳಿಸಲು ಜೊತೆಗೊಂದು ಕಾಗದದ ತುಂಡು ಇಟ್ಟಿದ್ದಾರೆ. ಅದನ್ನು ಅವರು ಅಂಗಿಯ ಜೇಬಿನಿಂದ ತೆಗೆದು, ನನ್ನ ಕೈಗೆ ಕೊಡದೆ ಹೊಸ್ತಿಲ ಮೇಲಿಟ್ಟರು. ಟೈಪು ಮಾಡಿದ ಎರಡು ಸಾಲು. ಹಳ್ಳದ ಎಡದಂಡೆಯ ಸಾಲಿಟರಿ ಬನ್ನಿಮರದಿಂದ ಈಶಾನ್ಯಕ್ಕೆ ಎರಡು ಮೈಲಿ.

ಆ ಕಚೇರಿಯಲ್ಲಿ ನನ್ನ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತೋ, ಯಾರು ಯಾರಿಗೆ ಸ್ನೇಹಕ್ಕೆಂದು ಕೊಟ್ಟರೋ, ಇಂದಿಗೂ ಗೊತ್ತಿಲ್ಲ. ಅದು ನನ್ನ ಪದ ಎಂಬುದು ಮಾತ್ರ ಗೊತ್ತಾಯಿತು. ಜೀಪಿನವರು ಊರಿನಲ್ಲಿ ಯಾರನ್ನೂ ದಾರಿ ಕೇಳಲಿಲ್ಲ, ಕೈಯಲ್ಲಿ ನಕಾಶೆ ಇತ್ತು ಎಂದು ಅವರ ತಮ್ಮ ಆಮೇಲೆ ಬರೆದ. ನನಗೆ ಅತ್ತೆಯ ಊರಿನ ಹೊಳೆ, ಗಾಳ ಹಿಡಿದು ಕೂತ ಮುದುಕರು, ತೆಂಗಿನ ಗರಟೆಯಲ್ಲಿ ಮಿಸುಕುವ ಎರೆ ನೆನಪಾಯಿತು.

"ನನ್ನಿಂದಾಯಿತು," ಎಂದೆ.

ಅವರು ತಲೆ ಅಲ್ಲಾಡಿಸಿದರು. "ನೀವು ಬರದದ್ದು ಖರೇನ ಇತ್ತಲ್ರಿ. ಖರೇ ಬರದದ್ದಕ್ಕ ಯಾರು ಬೈತಾರ? ನಾ ಮಾಡಿದ್ದು ಕೇಳ್ರಿ."

ಹತ್ತೊಂಬತ್ತು ವರ್ಷದವರಿದ್ದಾಗ ಒಬ್ಬ ಸಾಹೇಬ ಆ ಹಕ್ಕಿಯನ್ನು ಹುಡುಕಿಕೊಂಡು ಅವರ ಊರಿಗೆ ಬಂದನಂತೆ. ನಡೆದು ಹೋದರೆ ಸಿಗದು, ಕುದುರೆಯ ಮೇಲೆ ಹೋದರೂ ಸಿಗದು. ಇವರು ಅಪ್ಪನ ಬಂಡಿ ಕಟ್ಟಿದರು. ಸಾಹೇಬನನ್ನು ಮೇವಿನ ಕೆಳಗೆ ಮಲಗಿಸಿ, ಹಾಡು ಹೇಳುತ್ತ, ದಿನವೂ ಹೋಗುವಂತೆ ಹೋದರು. ಹಕ್ಕಿ ತಲೆಯೆತ್ತಿ ನೋಡಿತು, ಇವರನ್ನು ಕಂಡು ಮತ್ತೆ ತಲೆ ತಗ್ಗಿಸಿ ಮೇಯತೊಡಗಿತು. ಸಾಹೇಬ ಹತ್ತು ಮಾರು ದೂರದಿಂದ ಹೊಡೆದ. ಅಲ್ಲೇ ನೆರಳಲ್ಲಿ ಕೂತು ಚರ್ಮ ಬಿಡಿಸಲು ಇವರು ನೆರವಾದರು. ಇವರ ಕೈಚಳಕ ಮೆಚ್ಚಿ ಸಾಹೇಬ ಮುಂಬಯಿಗೆ ಕರೆದುಕೊಂಡು ಬಂದ. ಬಂಡಿಯನ್ನು ವಾಪಸು ಅಂಗಳಕ್ಕೆ ತಂದಾಗ ಅಪ್ಪ ಎತ್ತುಗಳ ಕೊರಳ ಹಗ್ಗ ಬಿಚ್ಚಿದರು, ಮಗನ ಮುಖ ನೋಡಲಿಲ್ಲ.

"ನಂಬಿದ್ದನ್ನ ಕೊಂದೀ ಅಂದ್ರು ನಮ್ಮಪ್ಪ. ಅಷ್ಟ. ಬರಬ್ಯಾಡ ಅನ್ಲಿಲ್ಲ. ಆದ್ರ ಹ್ಯಾಂಗ ಹೋಗ್ಲಿ? ಆ ಎರಿ ಮ್ಯಾಲ ನಡದು ಹೋಗಬೇಕಲ್ರಿ."

ಆಮೇಲೆ ಒಂದು ಕೇಳಿಕೆ ಇಟ್ಟರು. ಚರ್ಮ ತಯಾರಾದ ಮೇಲೆ ಕಾಲಿಗೆ ಕಟ್ಟುವ ಚೀಟಿಯನ್ನು ನಾನೇ ಬರೆಯಬೇಕು. ಖಾಲಿ ಚೀಟಿ ತಂದಿದ್ದರು. ಹೆಬ್ಬೆರಳಗಲದ ದಪ್ಪ ಕಾಗದ, ತುದಿಯಲ್ಲಿ ದಾರ. ಮಣೆ ಹಾಕಿಕೊಂಡು ಕೂತೆ. ಹಕ್ಕಿಯ ಹೆಸರು ಬರೆದೆ, ಗಂಡು ಎಂದು ಬರೆದೆ, ದಿನ ಬರೆದೆ. ಊರು ಎಂಬಲ್ಲಿಗೆ ಬಂದು ಅವರ ಮುಖ ನೋಡಿದೆ.

"ಅದನ್ನ ಬಿಡ್ರಿ."

ಹಿಂದೊಮ್ಮೆ ಅವರೇ ಹೇಳಿದ್ದರು, ಹಕ್ಕಿ ಎಷ್ಟೇ ಅಪರೂಪದ್ದಿರಲಿ, ಚೀಟಿಯಲ್ಲಿ ಊರಿಲ್ಲದಿದ್ದರೆ ಅದು ಆ ಸಂಸ್ಥೆಗೆ ಕಸಕ್ಕೆ ಸಮ ಎಂದು. ಮೂವತ್ತು ವರ್ಷದಲ್ಲಿ ಅವರು ಊರಿಲ್ಲದ ಚೀಟಿ ಕಟ್ಟಿದವರಲ್ಲ. ವಿಳಾಸವಿಲ್ಲದ ಕಾಗದ ನಾನು ಹಾಕಿದವಳಲ್ಲ. ಆ ಗೆರೆಯನ್ನು ಖಾಲಿ ಬಿಟ್ಟೆ. ಮಸಿ ಆರಿತು. "ಅದನ್ನ ಒಲಿಗೆ ಹಾಕ್ರಿ," ಎಂದು ಹೊಸ್ತಿಲ ಮೇಲಿನ ಕಾಗದದ ತುಂಡನ್ನು ತೋರಿಸಿದರು. ಕಾಫಿಗೆ ನೀರಿಟ್ಟಿದ್ದ ಸಿಗಡಿ ಒಲೆಗೆ ಹಾಕಿದೆ. ಮುಚ್ಚಿಡುವಂಥದ್ದೇನೂ ಉಳಿದಿರಲಿಲ್ಲ, ಆದರೂ ಹಾಕಿದೆ.

ಆ ವಾರ ತಮ್ಮನ ಕಾರ್ಡು ಬಂತು. "ನಾಕು ಮಂದಿ ತೀರಿಕೊಂಡ್ರು. ಉಳದವರು ಮನಿ ಬಿಟ್ಟು ಹೋಗ್ಯಾರ. ಎಲ್ಲಿ ಅದಾರೋ ಗೊತ್ತಿಲ್ಲ." ಓದಿದ ಅತ್ತೆ ಕಾರ್ಡು ಹಿಡಿದೇ ನೆಲಕ್ಕೆ ಕೂತರು. ಕಾಲರಾ ಇರಬೇಕು ಎಂದರು. ಒಂದೇ ಮನೆಯಲ್ಲಿ ನಾಲ್ಕು ಹೆಣ. ಸಂಜೆ ಅವರು ಬರುವ ಹೊತ್ತಿಗೆ ಅತ್ತೆ ಕುಚ್ಚಲಕ್ಕಿ ಗಂಜಿ ಮಾಡಿ, ಉಪ್ಪಿನಕಾಯಿ ಇಟ್ಟು, ಬಾಗಿಲಲ್ಲಿ ಕಾಯುತ್ತಿದ್ದರು.

"ಬನ್ನಿ. ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದು. ಇಲ್ಲೇ ಉಣ್ಣಿ."

ನಾನು ಅವರ ಮುಖ ನೋಡಲಾರದೆ ಪಾತ್ರೆ ಸರಿಸುತ್ತ ನಿಂತೆ. ಬೇಡ ಎನ್ನಲಿಲ್ಲ ಅವರು. ಸೂತಕವಿಲ್ಲ ಎಂದೂ ಹೇಳಲಿಲ್ಲ. ಜೇಬಿನಿಂದ ಚಮಚ ತೆಗೆದಾಗ ಅತ್ತೆ, "ಸತ್ತವರ ಹೆಸರಿನ ಗಂಜಿ, ಇವತ್ತೊಂದು ದಿನ ಕೈಯಲ್ಲಿ ಉಣ್ಣಿ," ಎಂದರು. ಅವರು ನಳದ ಬಳಿಗೆ ಹೋದರು. ಸಾಬೂನು ಹಚ್ಚಿ ತೊಳೆದರು, ಹುಣಿಸೆಹಣ್ಣು ಕೇಳಿ ಹಚ್ಚಿ ತೊಳೆದರು, ಬೂದಿ ಹಚ್ಚಿ ತೊಳೆದರು. ಹಿಂದೆ ಯಾರೋ ಕೊಡಪಾನ ಹಿಡಿದು, "ಅಹೋ, ಕಿತೀ ವೇಳ," ಎಷ್ಟು ಹೊತ್ತು ಎಂದು ಮರಾಠಿಯಲ್ಲಿ ಗೊಣಗುವವರೆಗೂ ತೊಳೆದರು. ಬಂದು ಕೂತು ಕೈಯಲ್ಲೇ ಉಂಡರು, ನಿಧಾನವಾಗಿ, ಒಂದು ಅಗುಳೂ ಬಿಡದೆ. ಅವರು ಹಾಗೆ ಉಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಹೇಳುವಂಥದ್ದು ಹೆಚ್ಚಿಲ್ಲ. ಊರಿಲ್ಲದ ಚೀಟಿಗಾಗಿ ಸಂಸ್ಥೆಯಲ್ಲಿ ಅವರನ್ನು ನಿಲ್ಲಿಸಿ ಕೇಳಿದರು. ಕಾಗದದ ತುಂಡು ಕಳೆದುಹೋಯಿತು ಎಂದರಂತೆ. ಉಡುಗೊರೆ ಕೊಟ್ಟವರು ಅಷ್ಟರಲ್ಲಿ ವಿಲಾಯತಿಗೆ ಹೋಗಿದ್ದರು. ರಾಜ್ಯದ ಗಡಿಗಳು ಬದಲಾಗಿ ಅವರ ಸೀಮೆ ಮೈಸೂರಿಗೆ ಸೇರಿದ ಮೇಲೆ, ನಮ್ಮ ಎರಡನೆಯ ಅರ್ಜಿಗೆ ಉತ್ತರ ಬಂತು. ಸದರಿ ಪ್ರದೇಶ ಈಗ ಈ ರಾಜ್ಯಕ್ಕೆ ಒಳಪಟ್ಟಿಲ್ಲ, ಅಲ್ಲಿಗೇ ಬರೆದುಕೊಳ್ಳತಕ್ಕದ್ದು. ಓದಿ ಹೇಳಿದೆ. "ಬರೆಯಲಾ?" ಎಂದು ಕೇಳಲು ಬಾಯಿ ಬರಲಿಲ್ಲ. ಅವರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಒಂದೇ ಗ್ಯಾಲರಿಯಲ್ಲಿ ಇನ್ನೂ ಮೂರು ವರ್ಷ ಇದ್ದೆವು. ದಿನಕ್ಕೆರಡು ಬಾರಿ ಅವರು ನಮ್ಮ ಬಾಗಿಲು ದಾಟಿ ಹೋಗಬೇಕು, ಮೆಟ್ಟಿಲು ಇರುವುದು ಇತ್ತಲೇ. ಒಮ್ಮೆಯೂ ಮುಖ ತಿರುಗಿಸಲಿಲ್ಲ. ಉಪ್ಪಿನ ಗದ್ದೆಯ ಸುದ್ದಿ ಹೇಳುವುದನ್ನೂ ನಿಲ್ಲಿಸಲಿಲ್ಲ. ಬೈದಿದ್ದರೆ ನನಗೆ ಆ ತಪ್ಪಿನಿಂದ ಹೊರಗೆ ಬರಲು ದಾರಿಯಾಗುತ್ತಿತ್ತು.

ಹೋದ ವರ್ಷ ಒಂದು ಸಂಜೆ ನಗುತ್ತ ಬಂದರು. ಅವರು ನಗುವುದು ಅಪರೂಪವಾಗಿತ್ತು ಆಗ.

"ಚೀಟಿ ತುಂಬ್ಯಾರ್ರಿ ಅಕ್ಕಾರ. ಯಾವನೋ ಹೊಸಾ ಕ್ಲಾರ್ಕು. ಊರು ಖಾಲಿ ಐತಿ ಅಂತ, ಹಕ್ಕಿ ಬಂದದ್ದು ಎಲ್ಲಿಗೆ, ಇಲ್ಲಿಗಲ್ಲಾ, ಅಂತ ಪೆನ್ಸಿಲಿನ್ಯಾಗ ಬರದುಬಿಟ್ಟಾನ. ಬಾಂಬೇ."

ನಾನೂ ನಕ್ಕೆ. ಅವರ ನಗು ಮೊದಲು ಮುಗಿಯಿತು.

"ಅದಕ್ಕೂ ನನ್ನ ವಿಳಾಸನ ಸಿಕ್ತು ನೋಡ್ರಿ. ಇರ್ಲಿ. ಇನ್ನ ಹುಡುಕ್ಕೊಂಡು ಬರೋರು ಇಲ್ಲಿಗೇ ಬರ್ಲಿ. ಈ ಲೋಕಲ್ ಗಾಡ್ಯಾಗ, ಈ ಮಂದ್ಯಾಗ ಹುಡುಕ್ಲಿ."

ಚೈತ್ರ ಕಳೆದ ಮೇಲೆ ಮಲಗಿದರು. ಕೈಯ ಬಿರುಕುಗಳು ಹುಣ್ಣಾಗಿದ್ದವು, ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಗೆ ಹೋಗುವಾಗ ಮೆಟ್ಟಿಲ ಬಳಿ ಸ್ಟ್ರೆಚರು ನಿಲ್ಲಿಸಲು ಹೇಳಿ, ನನ್ನ ಮಗಳನ್ನು ನೋಡಿದರು. ಕೈಗಳನ್ನು ಹೊದಿಕೆಯ ಒಳಗೆ ಸೇರಿಸಿಕೊಂಡರು. ಹಿಂತಿರುಗಿ ಬರಲಿಲ್ಲ.

ತಮ್ಮನಿಗೆ ನಾನೇ ಕಾಗದ ಹಾಕಿದೆ. ಅವನು ಬಂದು ಕಾರ್ಯ ಮುಗಿಸಿ ಪೆಟ್ಟಿಗೆ ಒಯ್ದ. ಎರಡು ತಿಂಗಳಾದ ಮೇಲೆ, ಕಳೆದ ವಾರ, ಅಂಚೆಯವನು ಒಂದು ಕಾರ್ಡು ಕೊಟ್ಟ. ಈ ಸಲ ವಿಳಾಸದಲ್ಲಿ ನನ್ನ ಹೆಸರಿತ್ತು. "ಅಣ್ಣ ದವಾಖಾನಿಯಿಂದ ಬರಸಿದ್ದ, ಇನ್ನ ಮುಂದ ಅಕ್ಕಾರಿಗೆ ಬರೀತಾ ಇರು, ಅವರು ಯಾರಿಗೂ ಹೇಳಂಗಿಲ್ಲ ಅಂತ," ಎಂದು ಶುರುವಾಗಿತ್ತು. ಆ ಸಾಲನ್ನು ಎರಡು ಸಲ ಓದಿದೆ. ಆಮೇಲೆ ಮಳೆ ಬೆಳೆಯ ಸುದ್ದಿ. ಆಮೇಲೆ ಮನೆಯ ಮಂದಿಯ ಸುದ್ದಿ.

ಅತ್ತೆಗೆ ಈಗ ಕಣ್ಣಿನ ಪೊರೆ ಬಂದಿದೆ, ಕಾರ್ಡು ಓದಲಾಗುವುದಿಲ್ಲ. "ಆ ಉತ್ತರದವರದ್ದಾ? ಮನೆ ಬಿಟ್ಟು ಹೋದವರ ಸುದ್ದಿ ಸಿಕ್ಕಿತಾ?" ಎಂದು ಒಳಗಿನಿಂದ ಕೇಳಿದರು.

"ಸಿಕ್ಕಿತು ಅತ್ತೆ. ಇದ್ದಾರೆ."

"ಎಲ್ಲಿ?"

"ಇದ್ದಾರೆ."

"ಎಷ್ಟು ಮಂದಿ?"

ಹೊರಗೆ ಹಡಗು ಕೂಗಿತು. ಕಾರ್ಡನ್ನು ಮಡಚಲಾಗದು, ಸೆರಗಿನ ಮರೆಯಲ್ಲಿ ಹಿಡಿದುಕೊಂಡೆ.

"ಇದ್ದಾರೆ, ಅತ್ತೆ," ಎಂದೆ. ನಿಮಗೂ ಅಷ್ಟೇ ಹೇಳುತ್ತೇನೆ.